ಮರದ ಆಚೆ ಬದಿಯ ಓತಿಕ್ಯಾತ

ಓತಿಕ್ಯಾತ ಪುಕ್ಕಲು ಪ್ರಾಣಿ ಎಂದು ಯಾರಾದರೂ ಹೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಹಾಗೆ ಹೇಳುವವರಲ್ಲಿ ಹೆಚ್ಚಿನವರು ನನ್ನ ವಿದ್ಯಾರ್ಥಿಗಳೇ. ಘಟ್ಟದ ಮಳೆಕಾಡಿಗೆ ಮೊದಲ ಸಲ ಬಂದವರು, ಕಾಲಿಗೆ ಹತ್ತಿದ ಜಿಗಣೆಗೆ ಉಪ್ಪು ಹಚ್ಚುತ್ತಾ, “ಮೇಡಂ, ಇವು ಬಚ್ಚಿಟ್ಕೊಳ್ಳೋದು, ಓಡೋದು, ಇಷ್ಟೇನಾ?” ಎಂದು ಕೇಳುತ್ತಾರೆ. ಇಷ್ಟೇ, ಇಷ್ಟು ಸಾಲದೇನು ಎಂದು ನಾನು ತಿರುಗಿ ಕೇಳುತ್ತೇನೆ. ಆ ಕಾಡಿನಲ್ಲಿ ಮೇಲೆ ಗಿಡುಗ, ಕೊಂಬೆಯಲ್ಲಿ ಹಾವು, ನೆಲದಲ್ಲಿ ಕಾಡುಕೋಳಿ, ಎತ್ತ ತಿರುಗಿದರೂ ತಿನ್ನುವವರೇ. ತರಗೆಲೆಯ ಬಣ್ಣವನ್ನೇ ಮೈಗೆ ತಂದುಕೊಂಡ ಪುಟ್ಟ ಓತಿ ನಾವು ತುಳಿಯುವಷ್ಟು ಹತ್ತಿರ ಹೋದರೂ ಮಿಸುಕುವುದಿಲ್ಲ. ಇನ್ನೇನು ತುಳಿದೆವು ಎನ್ನುವಾಗ ಹಿಂಗಾಲಿನಲ್ಲೇ ಎದ್ದು ಓಡಿ, ತಟ್ಟನೆ ನಿಂತು, ಮತ್ತೆ ಎಲೆಗಳೊಳಗೆ ಕಾಣೆಯಾಗುತ್ತದೆ. ಮರದ ಮೇಲಿನ ಹಸಿರು ಓತಿ ಮಲಗಲು ದಪ್ಪ ಕೊಂಬೆ ಹುಡುಕುವುದಿಲ್ಲ, ತೀರ ತೆಳ್ಳಗಿನ ಕಡ್ಡಿಯ ತುದಿಗೆ ಹೋಗುತ್ತದೆ. ಹಾವು ಆ ಕಡ್ಡಿಗೆ ಮೈ ಹಾಕಿದ ಕೂಡಲೇ ಕಡ್ಡಿ ಅಲುಗುತ್ತದೆ, ಓತಿಗೆ ಎಚ್ಚರವಾಗುತ್ತದೆ, ಕೈಬಿಟ್ಟು ಕೆಳಗೆ ಬೀಳುತ್ತದೆ. ಇದನ್ನೆಲ್ಲ ನಾನು ಪುಸ್ತಕದಲ್ಲಿ ಓದಿದ್ದು ಆಮೇಲೆ. ಮೊದಲು ಕಲಿತದ್ದು ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ನಮ್ಮ ಮನೆಯಲ್ಲಿ, ಅಪ್ಪನ ತಂಗಿ ರತ್ನತ್ತೆಯ ಜೊತೆಗೆ. ಅಲ್ಲಿ ಕಾಡೂ ಇರಲಿಲ್ಲ, ಜಿಗಣೆಯೂ ಇರಲಿಲ್ಲ. ತಿನ್ನುವವರು ಮಾತ್ರ ಇದ್ದರು.

ನಮ್ಮ ಮನೆ ಅರ್ಧ ನಮ್ಮದು, ಅರ್ಧ ರೇಷ್ಮೆ ಹುಳದ್ದು. ಮುಂದೆ ಜಗಲಿ, ನಡುಮನೆ, ಅಡುಗೆಮನೆ. ಹಿತ್ತಲಲ್ಲಿ, ದನದ ಕೊಟ್ಟಿಗೆಯ ಪಕ್ಕಕ್ಕೆ, ಹುಳದ ಮನೆ. ಅದಕ್ಕೆ ಒಂದೇ ಬಾಗಿಲು, ಬಾಗಿಲಿಗೆ ಒದ್ದೆ ಗೋಣಿಯ ಪರದೆ. ಒಳಗೆ ಅಂತಸ್ತಿನ ಮೇಲೆ ಅಂತಸ್ತಾಗಿ ಬಿದಿರಿನ ತಟ್ಟೆಗಳು, ತಟ್ಟೆಯ ತುಂಬ ಹುಳ. ಹುಳ ದೊಡ್ಡದಾದಾಗ ಅದು ಹಿಪ್ಪುನೇರಳೆ ಸೊಪ್ಪು ತಿನ್ನುವ ಸದ್ದು ನಡುಮನೆಯವರೆಗೂ ಕೇಳುತ್ತಿತ್ತು, ಹೊರಗೆ ಸಣ್ಣ ಮಳೆ ಹಿಡಿದಂತೆ. ಮೊದಲು ಹುಳಕ್ಕೆ ಸೊಪ್ಪು, ಆಮೇಲೆ ನಮಗೆ ಮುದ್ದೆ. ಹಸಿವಾಯಿತು ಎಂದು ಅತ್ತರೆ ಅಜ್ಜಿ, “ಹುಳ ಅಳುತ್ತೇನೇ? ನಿನಗಿಂತ ಅದೇ ವಾಸಿ” ಎಂದು ಗದರುತ್ತಿದ್ದಳು. ಆ ಕೋಣೆಯ ಕಟ್ಟುಪಾಡುಗಳು ದೇವಸ್ಥಾನಕ್ಕೂ ಇರಲಿಲ್ಲ. ಚಪ್ಪಲಿ ಹೊರಗೆ, ಕಾಲು ತೊಳೆದು ಒಳಗೆ. ಬೀಡಿ ಸೇದಿದವರು ಹತ್ತಿರ ಸುಳಿಯುವ ಹಾಗಿಲ್ಲ. ಹೊರಗಿನವರು ಇಣುಕುವ ಹಾಗೂ ಇಲ್ಲ, ಅವರ ಕಣ್ಣು ಬಿದ್ದರೆ ಹುಳ ಸೊಪ್ಪು ಬಿಡುತ್ತದೆ. ಎಲ್ಲಕ್ಕಿಂತ ದೊಡ್ಡದು, ಮುಟ್ಟಾದ ಹೆಂಗಸು ಹೊಸಿಲು ದಾಟುವ ಹಾಗಿಲ್ಲ, ಅವಳ ನೆರಳು ತಟ್ಟೆಯ ಮೇಲೆ ಬಿದ್ದರೂ ಬೆಳೆ ಹೋಯಿತು. ಈ ಕಾನೂನೆಲ್ಲ ತಾತನದು. ಅಪ್ಪ ಬಾಶೆಟ್ಟಿಹಳ್ಳಿಯ ಕಾರ್ಖಾನೆಯಲ್ಲಿ ಪಾಳಿ ಮಾಡುತ್ತಿದ್ದ, ಮನೆಗೆ ಬಂದರೆ ಉಂಡು ಮಲಗುತ್ತಿದ್ದ, ತಾತನ ಮಾತಿಗೆ ಎದುರಾಡುವ ಶಕ್ತಿ ಅವನಲ್ಲಿ ಉಳಿದಿರುತ್ತಿರಲಿಲ್ಲ.

ಹಲ್ಲಿಯ ವಿಷಯದಲ್ಲಿ ನಮ್ಮ ಅಜ್ಜಿಗೆ ಎರಡು ನ್ಯಾಯ. ನಡುಮನೆಯ ಗೋಡೆಯ ಮೇಲೆ ಹಲ್ಲಿ ಲೊಚಗುಟ್ಟಿದರೆ ಅವಳು ನೆಲಕ್ಕೆ ಬೆರಳು ಕುಟ್ಟಿ “ಕೃಷ್ಣ ಕೃಷ್ಣ” ಎನ್ನುತ್ತಿದ್ದಳು, ಆಗ ಆಡಿದ ಮಾತು ಸತ್ಯವಾಗುತ್ತದಂತೆ. ಅದೇ ಹಲ್ಲಿ ಸೂರಿನ ಸಂದಿಯಿಂದ ನುಸುಳಿ ಹುಳದ ಮನೆಗೆ ಹೋದರೆ ಅದು ಕಳ್ಳ, ಏಕೆಂದರೆ ಹಲ್ಲಿ ಹುಳ ತಿನ್ನುತ್ತದೆ. ಅಜ್ಜಿ ಪೊರಕೆ ಹಿಡಿದು ಹೊರಡುತ್ತಿದ್ದಳು. ಒಂದು ಸಲ ಏಟು ಬಾಲಕ್ಕೆ ಬಿತ್ತು. ಬಾಲ ಕಳಚಿ ನೆಲದ ಮೇಲೆ ವಿಲವಿಲ ಒದ್ದಾಡತೊಡಗಿತು. ಅಜ್ಜಿ ಆ ಬಾಲವನ್ನೇ ನಾಲ್ಕು ಸಲ ಬಡಿದಳು. ಹಲ್ಲಿ ಅಷ್ಟರಲ್ಲಿ ಹೆಂಚಿನ ಅಡಿಗೆ ಸೇರಿಕೊಂಡು, ತಲೆ ಮಾತ್ರ ಹೊರಗಿಟ್ಟು ಕೆಳಗೆ ನೋಡುತ್ತಿತ್ತು. ನಾನು ನಕ್ಕಿದ್ದಕ್ಕೆ ಪೊರಕೆಯ ಐದನೇ ಏಟು ನನಗೆ ಬಿತ್ತು.

ರತ್ನತ್ತೆ ಗಂಡನ ಮನೆ ಬಿಟ್ಟು ಬಂದಾಗ ನನಗೆ ಹನ್ನೊಂದೋ ಹನ್ನೆರಡೋ ವರ್ಷ. ಹೊಸಕೋಟೆ ಕಡೆಯಿಂದ ಬಸ್ಸಿನಲ್ಲಿ ಬಂದಳು. ಕೈಯಲ್ಲಿ ಚೀಲವಿಲ್ಲ, ಕಿವಿಯಲ್ಲಿ ಓಲೆಯಿಲ್ಲ, ಬಳೆಯಿಲ್ಲ. ಎಡಗಣ್ಣಿನ ಕೆಳಗೆ ಊದಿಕೊಂಡಿತ್ತು. ಅಜ್ಜಿ ಮೊದಲು ಕೇಳಿದ್ದು ಕಣ್ಣಿನ ಬಗ್ಗೆಯಲ್ಲ.

“ಒಡವೆ ಎಲ್ಲೇ?”

“ಅಲ್ಲೇ ಬಿಟ್ಟೆ.”

“ಅಷ್ಟೂ ಬಿಟ್ಟು ಬಂದ್ಯಾ? ನಿಮ್ಮಪ್ಪ ಹೊಟ್ಟೆ ಬಟ್ಟೆ ಕಟ್ಟಿ ಮಾಡ್ಸಿದ್ದು ಕಣೇ!”

“ಅವ್ರು ಬೀರು ಬಾಗಿಲು ಕಾಯ್ತಾ ಕೂತಿದ್ರು ಅವ್ವ. ಅದಕ್ಕೇ ಹಿತ್ಲು ಬಾಗ್ಲಲ್ಲಿ ಬಂದೆ. ಒಡವೆ ಇರ್ಲಿ ಬಿಡು, ನಾನು ಬಂದ್ನಲ್ಲ.”

ಅಜ್ಜಿ ಎಷ್ಟೋ ದಿನ ಆ ಒಡವೆಗಾಗಿ ಅತ್ತಳು. ನನ್ನ ಅಮ್ಮ ಮಾತ್ರ ಏನೂ ಕೇಳದೆ ಅರಿಸಿನ ಬಿಸಿ ಮಾಡಿ ಅತ್ತೆಯ ಕೆನ್ನೆಗೆ ಹಚ್ಚಿದಳು. ಅತ್ತೆ ನನ್ನ ಪಕ್ಕದಲ್ಲಿ ಮಲಗುತ್ತಿದ್ದಳು. ಮಲಗುವ ಮೊದಲು ಒಂದು ಹಿತ್ತಾಳೆ ಚೊಂಬನ್ನು ಬಾಗಿಲಿಗೆ ಆನಿಸಿ ಇಡುತ್ತಿದ್ದಳು, ಯಾರು ತಳ್ಳಿದರೂ ಅದು ಉರುಳಿ ಸದ್ದಾಗಬೇಕು. ಯಾಕತ್ತೆ ಎಂದರೆ, “ಅಭ್ಯಾಸ ಆಗ್ಬಿಟ್ಟಿದೆ ಕಣೇ ಗೌರಿ” ಎನ್ನುತ್ತಿದ್ದಳು. ಕಡ್ಡಿಯ ತುದಿಯಲ್ಲಿ ಮಲಗುವ ಓತಿಯನ್ನು ಕಾಡಿನಲ್ಲಿ ಮೊದಲ ಸಲ ಕಂಡಾಗ ನನಗೆ ಆ ಚೊಂಬಿನ ಸದ್ದೇ ಕಿವಿಗೆ ಬಿದ್ದದ್ದು. ಅಳು ಬಂತು, ಜೊತೆಗಿದ್ದವರು ಕಣ್ಣಿಗೆ ಹುಳ ಬಿತ್ತೆಂದುಕೊಂಡರು.

ನಮ್ಮ ಹಿತ್ತಲ ಹೊಂಗೆ ಮರದಲ್ಲಿ ಒಂದು ಓತಿಕ್ಯಾತ ಇತ್ತು. ಅದನ್ನು ಚೆನ್ನಾಗಿ ನೋಡಬೇಕೆಂದು ನಾನು ಎಷ್ಟು ಪಾಡುಪಟ್ಟರೂ ಆಗುತ್ತಿರಲಿಲ್ಲ. ನಾನು ಮರದ ಬಲಕ್ಕೆ ಬಂದರೆ ಅದು ಎಡಕ್ಕೆ ಸರಿಯುತ್ತಿತ್ತು, ಎಡಕ್ಕೆ ಬಂದರೆ ಬಲಕ್ಕೆ. ಓಡುತ್ತಿರಲಿಲ್ಲ, ಗಾಬರಿಯಾಗುತ್ತಿರಲಿಲ್ಲ. ನನಗೂ ತನಗೂ ನಡುವೆ ಸದಾ ಮರದ ಬೊಡ್ಡೆ ಇರುವಂತೆ ನೋಡಿಕೊಳ್ಳುತ್ತಿತ್ತು, ಅಷ್ಟೇ. ಆಗಾಗ ಅಂಚಿನಿಂದ ಒಂದು ಕಣ್ಣು ಮಾತ್ರ ಹೊರಗೆ ಹಾಕಿ ನಾನೆಲ್ಲಿದ್ದೇನೆಂದು ನೋಡುತ್ತಿತ್ತು. ನಾನು ಮರ ಸುತ್ತಿ ಸುತ್ತಿ ತಲೆ ತಿರುಗಿ ಕೂತಾಗ, ಸೊಪ್ಪು ಕತ್ತರಿಸುತ್ತಿದ್ದ ಅತ್ತೆ ಜೋರಾಗಿ ನಕ್ಕಳು. ತೌರಿಗೆ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

“ಎಂಥ ಐನಾತಿ ನೋಡೇ ಅದು! ನಿನ್ನ ಕೈಲಿ ಪ್ರದಕ್ಷಿಣೆ ಹಾಕಿಸ್ಕೊತಾ ಇದೆ.”

ಆಮೇಲೆ ಅವಳೂ ಬಂದು ಕತ್ತಿ ಕೆಳಗಿಟ್ಟು ಮರ ಸುತ್ತಿದಳು. ಇಬ್ಬರೂ ಸೇರಿ ಸುತ್ತುವುದನ್ನು ಕಂಡು ಅಜ್ಜಿ ಅಡುಗೆಮನೆಯಿಂದ ಬೈದಳು. ಓತಿಕ್ಯಾತವನ್ನು ನೋಡಿದರೆ ಅದು ದೂರದಿಂದಲೇ ರಕ್ತ ಹೀರುತ್ತದೆ ಎಂಬುದು ಅಜ್ಜಿಯ ನಂಬಿಕೆ. “ಹೀರೋದಕ್ಕೆ ನನ್ನಲ್ಲಿ ಇನ್ನೇನು ಮಿಕ್ಕಿದೆ?” ಎಂದಳು ಅತ್ತೆ.

ಸ್ವಲ್ಪ ದಿನಕ್ಕೆ ಅತ್ತೆಯ ಗಂಡನ ಅಣ್ಣ ಬಂದ. ದೊಡ್ಡ ಮೀಸೆ, ದೊಡ್ಡ ದನಿ, ಸಂಧಾನಕ್ಕೆ ಬಂದವನ ನಗು. ತಾತ ಜಗಲಿಯಲ್ಲಿ ಚಾಪೆ ಹಾಸಿ ಕೂರಿಸಿದ. ಆತನಿಗೆ ಅತ್ತೆಯನ್ನು ಎದುರಿಗೆ ನಿಲ್ಲಿಸಿ ಎಲ್ಲರ ಮುಂದೆ “ಬರ್ತೀನಿ” ಎನ್ನಿಸಬೇಕಿತ್ತು, ಒಮ್ಮೆ ಆ ಮಾತು ಬಾಯಿಂದ ಬಂದರೆ ಮುಗಿಯಿತು. ಆದರೆ ಆತ ಜಗಲಿಯಲ್ಲಿದ್ದಾಗ ಅತ್ತೆ ಹಿತ್ತಲಲ್ಲಿದ್ದಳು. ಹಿತ್ತಲಿಗೆ ಬಂದಾಗ ಕೊಟ್ಟಿಗೆಯ ಪಕ್ಕದಿಂದ ಸರಿದು ಜಗಲಿಗೆ ಬಂದಿದ್ದಳು. ಜಗಲಿಗೆ ಬಂದಾಗ ನೀರು ತರಲು ಹೋಗಿದ್ದಳು. ಓಡಲಿಲ್ಲ, ಬಾಗಿಲು ಹಾಕಿಕೊಳ್ಳಲಿಲ್ಲ, ಯಾರ ಮೇಲೂ ರೇಗಲಿಲ್ಲ. ಕೈಯಲ್ಲಿ ಯಾವಾಗಲೂ ಏನೋ ಕೆಲಸ. ನಾನು ಗೋಡೆಯ ಮೂಲೆಯಲ್ಲಿ ನಿಂತು, ಆತ ಯಾವ ಕಡೆ ಹೊರಟ ಎಂದು ಕಣ್ಣಿನಲ್ಲೇ ಹೇಳುತ್ತಿದ್ದೆ. ಸಂಜೆಯ ಬಸ್ಸಿನ ಹೊತ್ತಾಗುವವರೆಗೆ ಆತ ನಮ್ಮ ಮನೆಯನ್ನು ಸುತ್ತಿದ, ಕಾಫಿ ಕುಡಿದ, ಹೋದ. ಆ ರಾತ್ರಿ ಊಟಕ್ಕೆ ಕೂತಾಗ ನಾನೂ ಅತ್ತೆಯೂ ಮುಖ ಮುಖ ನೋಡಿಕೊಂಡು ಕಿಸಕ್ಕೆಂದು ನಕ್ಕುಬಿಟ್ಟೆವು. ತಾತನಿಗೆ ಅರ್ಥವಾಗಿರಬೇಕು, ಅರ್ಧ ಮುದ್ದೆ ಬಿಟ್ಟು ಎದ್ದ.

ನಮ್ಮ ಗೆಲುವು ಹೆಚ್ಚು ದಿನ ಉಳಿಯಲಿಲ್ಲ. ಊರಿನ ಹುಡುಗರು ಪೊರಕೆ ಕಡ್ಡಿಯ ತುದಿಗೆ ಕುಣಿಕೆ ಕಟ್ಟಿ ಓತಿಕ್ಯಾತ ಹಿಡಿಯುತ್ತಿದ್ದರು. ನಾನು ಇವತ್ತಿಗೂ ಕಾಡಿನಲ್ಲಿ ಬಳಸುವುದು ಅದೇ ಬಗೆಯ ಕುಣಿಕೆ, ಅಳತೆ ತೆಗೆದು ಬಿಟ್ಟುಬಿಡುತ್ತೇನೆ. ಅವರು ಬಿಡುತ್ತಿರಲಿಲ್ಲ. ಮರ ಸುತ್ತುವ ಓತಿಕ್ಯಾತಕ್ಕೆ ಅವರ ಬಳಿ ಸುಲಭದ ಉಪಾಯವಿತ್ತು. ಒಬ್ಬ ಈ ಬದಿ, ಒಬ್ಬ ಆ ಬದಿ. ಹೊಂಗೆ ಮರದ್ದನ್ನು ಹಾಗೆಯೇ ಮುಗಿಸಿದರು. ಕೊನೆಯ ಗಳಿಗೆಯಲ್ಲಿ ಅದು ಓಡುವುದು ಬಿಟ್ಟು, ಕತ್ತಿನ ಚರ್ಮ ಉಬ್ಬಿಸಿ, ಗಂಟಲು ಕೆಂಪಗೆ ಮಾಡಿ, ಬಾಯಿ ತೆರೆದು ಕುಣಿಕೆಯವನ ಮೇಲೇ ಹಾರಿತು. ಆ ಹುಡುಗ ಕಿರುಚಿ ಹಿಂದಕ್ಕೆ ಬಿದ್ದ. ಇನ್ನೊಬ್ಬನ ಕಲ್ಲು ತಾಗದಿದ್ದರೆ ಅದು ಬದುಕುತ್ತಿತ್ತು. ನಾನು ಅಳುತ್ತಾ ಬಂದು ಅತ್ತೆಗೆ ಹೇಳಿದೆ. ಅವಳು ಸಮಾಧಾನ ಮಾಡಲಿಲ್ಲ, ಮತ್ತೆ ಮತ್ತೆ ಕೇಳಿದಳು. ಹಾರಿದಾಗ ಅವನು ನಿಜವಾಗಿ ಹಿಂದಕ್ಕೆ ಬಿದ್ದನಾ? ಅದಕ್ಕೆ ವಿಷ ಇದೆಯಾ? ಇಲ್ಲವಂತೆ ಅತ್ತೆ, ಬರೀ ಬಾಯಿ ತೆರೆಯುತ್ತದಂತೆ ಎಂದೆ.

ಆ ವಾರವೇ ತಾತ ಊಟದ ಹೊತ್ತಿನಲ್ಲಿ, ಉಪ್ಪಿನಕಾಯಿ ಕೇಳುವ ದನಿಯಲ್ಲಿ, ವಿಷಯ ಎತ್ತಿದ.

“ಊರೋರು ಬಾಯಿಗೆ ಬಂದಂಗೆ ಮಾತಾಡ್ತಾವ್ರೆ. ಮದುವೆ ಮಾಡ್ಕೊಟ್ಟ ಮಗಳನ್ನ ಎಷ್ಟು ದಿನ ಇಟ್ಕೊಳ್ಳೋದು? ಬೀಗರಿಗೆ ಹೇಳಿ ಕಳ್ಸಿದ್ದೀನಿ. ಈ ಬೆಳೆ ಮುಗೀಲಿ, ಬಂದು ಕರ್ಕೊಂಡೋಗ್ತಾರೆ.”

“ಬೆಳೆ ಮುಗಿಯೋವರ್ಗೂ ಯಾಕಪ್ಪ? ಈಗ್ಲೇ ಕಳ್ಸು,” ಎಂದಳು ಅತ್ತೆ.

“ಹಣ್ಣು ಹುಳ ಆಯೋಕೆ ಜನ ಬೇಡ್ವಾ?”

ಅತ್ತೆ ಕೈ ತೊಳೆದು ಎದ್ದಳು. ಬಾಗಿಲಲ್ಲಿ ನಿಂತು, ತನ್ನ ಅಪ್ಪನಿಗೂ ಅಣ್ಣನಿಗೂ ಕೇಳುವ ಹಾಗೆ ಹೇಳಿದಳು.

“ಕೈ ಇಲ್ಲಿಗೆ ಬೇಕು, ಮೈ ಅಲ್ಲಿಗೆ ಬೇಕು. ನಾನು ಎಲ್ಲಿರ್ಬೇಕು ಅಂತ ನನ್ನನ್ನ ಕೇಳೋರು ಒಬ್ರೂ ಇಲ್ಲ ಈ ಮನೇಲಿ.”

ನನ್ನ ಅಪ್ಪ ತಲೆ ತಗ್ಗಿಸಿ ಸಾರು ಕಲಸುತ್ತಿದ್ದ. ಅವನ ಮೇಲೆ ನನಗೆ ಬಂದ ಕೋಪ ಇನ್ನೂ ಪೂರ್ತಿ ಇಳಿದಿಲ್ಲ. ಒಳ್ಳೆಯವನು, ನನ್ನನ್ನು ಓದಿಸಿದವನು, ಎಲ್ಲವೂ ನಿಜ. ಆದರೆ ಆ ಹೊತ್ತಿನಲ್ಲಿ ಒಂದು ಮಾತು ಆಡಬೇಕಿತ್ತು, ಆಡಲಿಲ್ಲ.

ಹುಳ ಹಣ್ಣಾಗುವುದೆಂದರೆ ಅದರ ಮೈ ಹಳದಿ ತಿರುಗಿ, ಬೆಳಕಿಗೆ ಹಿಡಿದರೆ ಒಳಗೆಲ್ಲ ಕಾಣುವಷ್ಟು ತಿಳಿಯಾಗಿ, ಸೊಪ್ಪು ಬಿಟ್ಟು ತಲೆಯೆತ್ತಿ ಗೂಡು ಕಟ್ಟಲು ಜಾಗ ಹುಡುಕುವುದು. ಅಂಥ ಹುಳವನ್ನು ಒಂದೊಂದಾಗಿ ಆಯ್ದು, ಸುತ್ತು ಸುತ್ತಾಗಿ ಹೆಣೆದ ಬಿದಿರಿನ ಚಂದ್ರಿಕೆಗೆ ಬಿಡಬೇಕು. ತಡವಾದರೆ ಅದು ತಟ್ಟೆಯಲ್ಲೇ ನೂಲು ಕಕ್ಕಿ ಹಾಳಾಗುತ್ತದೆ. ಪ್ರತಿ ಬೆಳೆಯಲ್ಲೂ ನಮ್ಮ ಮನೆಯವರು ಉಸಿರು ಬಿಗಿಹಿಡಿದು ನಡೆಯುತ್ತಿದ್ದ ದಿನಗಳು ಅವು. ಬೆಳೆ ಮುಗಿದ ಮೇಲೆ ಬನ್ನಿ ಎಂದು ತಾತ ಹೇಳಿ ಕಳಿಸಿದ್ದರೂ ಬೀಗರಿಗೆ ಕಾಯುವ ವ್ಯವಧಾನ ಇರಲಿಲ್ಲ. ಅವರ ಮನೆಯಲ್ಲೂ ಕೆಲಸಕ್ಕೆ ಕೈ ಬೇಕಾಗಿತ್ತೇನೋ. ಅರ್ಧ ಹುಳ ಹಣ್ಣಾಗಿ, ಇನ್ನರ್ಧ ಸೊಪ್ಪು ತಿನ್ನುತ್ತಿದ್ದ ಒಂದು ಮಧ್ಯಾಹ್ನ ಬಂದೇಬಿಟ್ಟರು. ಅಮ್ಮ, ಅಜ್ಜಿ, ಅತ್ತೆ ಹುಳ ಆಯುತ್ತಿದ್ದರು. ನಾನು ಚಂದ್ರಿಕೆ ತರಲು ಅಂಗಳಕ್ಕೆ ಹೋದವಳು ನೋಡಿದೆ. ಅತ್ತೆಯ ಗಂಡ ಜಗಲಿಯಲ್ಲಿ ತಾತನ ಜೊತೆ ಮಾತಾಡುತ್ತಾ ನಿಂತಿದ್ದ. ಅವನ ಅಣ್ಣ ಸದ್ದಿಲ್ಲದೆ ಕೊಟ್ಟಿಗೆಯ ಪಕ್ಕದಿಂದ ಹಿತ್ತಲಿಗೆ ಹೊರಟಿದ್ದ. ಚಂದ್ರಿಕೆ ಅಲ್ಲೇ ಎಸೆದು ಓಡಿದೆ.

“ಅತ್ತೆ, ಇಬ್ರು ಬಂದವ್ರೆ! ಒಬ್ಬ ಮುಂದಿಂದ, ಒಬ್ಬ ಹಿಂದಿಂದ!”

ಅತ್ತೆಯ ಅಂಗೈಯಲ್ಲಿ ಒಂದು ಹಣ್ಣು ಹುಳ ಇತ್ತು. ಅದನ್ನು ಮೆತ್ತಗೆ ಚಂದ್ರಿಕೆಯ ಸುತ್ತಿನೊಳಗೆ ಬಿಟ್ಟಳು. ಸೆರಗು ಸೊಂಟಕ್ಕೆ ಸಿಗಿಸಿ ಬಾಗಿಲಿಗೆ ಬಂದು, ಗೋಣಿ ಪರದೆಯನ್ನು ತಾನೇ ಸರಿಸಿ, ಹೊಸಿಲ ಒಳಗೆ ನಿಂತಳು. ಅಷ್ಟರಲ್ಲಿ ಗಂಡನೂ ಹಿತ್ತಲಿಗೆ ಬಂದ, ಹಿಂದೆಯೇ ತಾತ.

“ಏನೇ ನಾಟಕ? ಬಾರೇ ಆಚೆಗೆ,” ಎಂದ ಗಂಡ.

“ಬರಲ್ಲ.”

“ಮಾವ, ನೀವು ಕರೆದ್ರಿ ಅಂತ ಬಂದಿದ್ದು ನಾವು. ಒಳಗೋಗಿ ಎಳ್ಕೊಂಡ್ ಬರ್ಲಾ?”

ತಾತನ ಕಣ್ಣು ಅವರ ಕಾಲಿನ ಚಪ್ಪಲಿಯ ಮೇಲಿತ್ತು.

“ಒಳಕ್ಕೆ ಬೇಡಿ ಅಳಿಯಂದ್ರೇ, ಹುಳ ಹಣ್ಣಾಗ್ತಾ ಇದೆ. ಅವಳೇ ಬರ್ತಾಳೆ. ರತ್ನಾ, ಬಾಮ್ಮ ಈಚೆಗೆ.”

“ಅಪ್ಪ, ನಾನು ಮುಟ್ಟಾಗಿದ್ದೀನಿ,” ಎಂದಳು ಅತ್ತೆ.

ಒಳಗೆ ಅಜ್ಜಿ ಎದೆ ಬಡಿದುಕೊಂಡು “ಅಯ್ಯೋ ಶಿವನೇ, ಕೆಟ್ವಲ್ಲೋ!” ಎಂದು ಕೂಗಿದಳು. ಅತ್ತೆ ಎರಡೂ ಕೈ ಚಾಚಿ ಬಾಗಿಲಿನ ಎರಡೂ ನಿಲುವುಗಳನ್ನು ಹಿಡಿದುಕೊಂಡಳು. ಅವಳ ಕತ್ತು ಕಿವಿಯವರೆಗೆ ಕೆಂಪೇರಿತ್ತು.

“ಇವರಿಬ್ರಲ್ಲಿ ಯಾರ ಕಾಲಾದ್ರೂ ಈ ಹೊಸಿಲು ದಾಟಿದ್ರೆ, ಇಲ್ಲಿರೋ ಅಷ್ಟೂ ತಟ್ಟೆ ಮುಟ್ತೀನಿ. ಒಂದು ಚಂದ್ರಿಕೆನೂ ಬಿಡಲ್ಲ. ಆಮೇಲೆ ನಿಮ್ಮ ಬೆಳೆನೂ ನೀವೇ ನೋಡ್ಕೊಳ್ಳಿ, ನಿಮ್ಮ ಮಾನಾನೂ ನೀವೇ ನೋಡ್ಕೊಳ್ಳಿ.”

ಗಂಡ ಹಲ್ಲು ಕಚ್ಚಿ ಒಂದು ಹೆಜ್ಜೆ ಮುಂದಿಟ್ಟ. ತಾತನ ಊರುಗೋಲು ಅವನ ಎದೆಗೆ ಅಡ್ಡ ಬಂತು.

“ಇನ್ನೊಂದು ಹೆಜ್ಜೆ ಇಟ್ರೆ ಕಾಲು ಮುರೀತೀನಿ.”

“ಏನ್ ಮಾವ ಇದು? ನಿಮಗೆ ಹುಳ ಮುಖ್ಯನೋ ಅಳಿಯ ಮುಖ್ಯನೋ?”

ತಾತ ಯೋಚಿಸಲೂ ಇಲ್ಲ. “ಹುಳ” ಎಂದ.

ನೆಂಟರ ಮನೆಯ ಮಾತುಕತೆಯಲ್ಲಿ ಈ ಪ್ರಸಂಗ ಬಂದಾಗ, ತಾತ ಮಗಳಿಗಾಗಿ ಬೀಗರ ಮೇಲೆ ಕೋಲೆತ್ತಿದ ಎಂದು ಹೆಮ್ಮೆಯಿಂದ ಹೇಳುವವರಿದ್ದಾರೆ. ಹೇಳಿಕೊಳ್ಳಲಿ. ನಾನು ಅಲ್ಲೇ ಇದ್ದೆ. ಅವನು ಕೋಲೆತ್ತಿದ್ದು ಹುಳಕ್ಕಾಗಿ. ಮಗಳನ್ನು ಕಾಪಾಡಿದ್ದು ಮಗಳೇ, ಹೆಂಗಸನ್ನು ದೂರವಿಡಲೆಂದು ಅವರು ಕಟ್ಟಿಕೊಂಡಿದ್ದ ಕಾನೂನನ್ನೇ ಅವರ ಕೊರಳಿಗೆ ಕುಣಿಕೆಯಾಗಿ ಹಾಕಿ. ಇದರಲ್ಲಿ ಪುಕ್ಕಲುತನ ಎಲ್ಲಿದೆಯೋ ನನಗೆ ತೋರಿಸಿ. ಅಣ್ಣ ತಮ್ಮ ಇಬ್ಬರೂ ಬೈಯುತ್ತಾ ಹೊರಟರು. ಇನ್ನು ಅವಳು ತಮ್ಮ ಬಾಗಿಲಿಗೆ ಬರುವುದೇ ಬೇಡ ಎಂದು ಗಂಡ ಕೂಗಿದಾಗ ಅತ್ತೆ ಒಳಗಿನಿಂದಲೇ, “ಅದನ್ನ ಅರಳಿಕಟ್ಟೆ ಹತ್ರ ನಾಲ್ಕು ಜನರ ಮುಂದೆ ಹೇಳ್ಬಿಟ್ಟು ಹೋಗಿ” ಎಂದಳು. ಅವನು ಸಿಟ್ಟಿನಲ್ಲಿ ಹಾಗೇ ಹೇಳಿ ಹೋದ. ಅತ್ತೆ ಆ ಮನೆಗೆ ಮತ್ತೆ ಕಾಲಿಡಲಿಲ್ಲ.

ಅವರು ಕಣ್ಮರೆಯಾದ ಮೇಲೆ ಹಿತ್ತಲಲ್ಲಿ ಹುಳ ಸೊಪ್ಪು ತಿನ್ನುವ ಸದ್ದು ಮಾತ್ರ ಉಳಿಯಿತು. ಅಜ್ಜಿ ಮೂಲೆಯಲ್ಲಿ ಕೂತು ಬಿಕ್ಕುತ್ತಿದ್ದಳು. ತಾತ ಹೊಸಿಲಿನ ಈಚೆಗೆ ನಿಂತೇ ಕೇಳಿದ.

“ನಿಜ ಹೇಳು. ಮುಟ್ಟಾಗಿದ್ಯಾ, ಇಲ್ಲ ಅವರನ್ನ ಹೆದರ್ಸೋಕೆ ಅಂದ್ಯಾ?”

“ಆಗಿದ್ದೀನಿ.”

“ಯಾವಾಗಿಂದ?”

“ನೆನ್ನೆಯಿಂದ.”

“ನೆನ್ನೆಯಿಂದ ಇಲ್ಲೇ ಹುಳ ಆಯ್ತಾ ಇದ್ಯಲ್ಲೇ!”

“ಹೂಂ. ಮುಟ್ದೇ ಇರೋ ತಟ್ಟೆ ಒಂದೂ ಇಲ್ಲ.” ಅತ್ತೆ ಬಾಗಿಲ ನಿಲುವಿನಿಂದ ಕೈ ತೆಗೆದಳು. “ಹೋದ ಬೆಳೇಲೂ ಆಗಿದ್ದೆ ಅಪ್ಪ. ಪೊರೆ ಬಿಟ್ಟು ನಾಲ್ಕನೇ ಜ್ವರ ಎದ್ದ ಹುಳಕ್ಕೆ ನಾನೇ ಸೊಪ್ಪು ಹಾಕಿದ್ದು. ಅದೇ ಗೂಡು ತಗೊಂಡು ವಿಜಯಪುರದ ಮಾರ್ಕೆಟ್‌ಗೆ ಹೋಗಿ, ನಮ್ಮ ರತ್ನನ ಕೈಗುಣ ನೋಡ್ರಪ್ಪ ಅಂತ ಕಂಡೋರಿಗೆಲ್ಲ ಹೇಳ್ಕೊಂಡು ಬಂದ್ಯಲ್ಲ.”

ಅಜ್ಜಿಯ ಬಿಕ್ಕು ನಿಂತಿತು. ಅಮ್ಮ ತಟ್ಟೆಯ ಮೇಲೆ ಬಗ್ಗಿಸಿದ್ದ ತಲೆ ಎತ್ತಲಿಲ್ಲ, ಆದರೆ ಅವಳ ಹೆಗಲು ಅಲುಗುತ್ತಿತ್ತು, ನಗುವೋ ಅಳುವೋ ಗೊತ್ತಾಗಲಿಲ್ಲ. ತಾತ ತಟ್ಟೆಗಳ ಕಡೆ ನೋಡಿದ, ಚಂದ್ರಿಕೆಯಲ್ಲಿ ಆಗಲೇ ಬೆಳ್ಳಗೆ ನೂಲು ಬಿಡುತ್ತಿದ್ದ ಹುಳಗಳನ್ನು ನೋಡಿದ. ತುಂಬ ಹೊತ್ತು ನೋಡಿದ. ಆಮೇಲೆ ತಿರುಗಿ ಅಂಗಳಕ್ಕೆ ಹೋಗಿ, ಸೊಪ್ಪಿನ ಮಂಕರಿಯನ್ನು ತಾನೇ ಹೊತ್ತು ತಂದು ಹೊಸಿಲ ಮೇಲೆ ಇಳಿಸಿ, ಎರಡು ಹೆಜ್ಜೆ ಹಿಂದೆ ಸರಿದ.

“ತಗೋ. ಹುಳ ಹಸ್ಕೊಂಡಿದೆ.”

ಅತ್ತೆ ಬಗ್ಗಲಿಲ್ಲ.

“ಒಳಕ್ಕೆ ತಂದ್ಕೊಡು,” ಎಂದಳು.

ತಾತ ನಿಂತೇ ಇದ್ದ. ಅತ್ತೆಯೂ ನಿಂತೇ ಇದ್ದಳು. ಕೊನೆಗೆ ಅವನು ಚಪ್ಪಲಿ ಕಳಚಿ, ಕಾಲು ತೊಳೆದು, ಮಂಕರಿ ಎತ್ತಿಕೊಂಡು ಹೊಸಿಲು ದಾಟಿದ, ಅವಳ ಕೈಗೆ ಕೈ ತಾಗಿಸಿ ಕೊಟ್ಟ.